ಗ್ರಾಮನುಡಿಯ ಕವಿ, ನ್ಯಾಯವಾದಿ ಲುಡ್ವಿಗ್ ಥೋಮಾ

ಜರ್ಮನಿಯ ದಕ್ಷಿಣಕ್ಕಿರುವ ಬವೇರಿಯಾ ಪ್ರಾಂತದಲ್ಲಿ ಪ್ರತಿವರ್ಷ ಡಿಸೆಂಬರ್ ಮಾಸದಲ್ಲಿ ಒಂದು ವಾಡಿಕೆ ನಡೆದುಬರುತ್ತಿದೆ. ಕ್ರಿಸ್‌ಮಸ್ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಸಾಯಂಕಾಲ ಜನರು ಇಗರ್ಜಿಯಲ್ಲಿಯೋ ಸಭಾಮಂದಿರದಲ್ಲಿಯೋ ತಮ್ಮ ಮನೆಯ ಹಜಾರದಲ್ಲಿಯೋ ಕಲೆತು ಕುಳಿತುಕೊಳ್ಳುತ್ತಾರೆ. ಒಬ್ಬರು ಒಂದು ಸಣ್ಣ ಪದ್ಯಗ್ರಂಥವನ್ನು ಗಟ್ಟಿಯಾಗಿ ವಾಚಿಸುತ್ತಾರೆ. ನಡುನಡುವೆ ಹಾಡುಗಾರರು ಅದರೊಳಗಿನ ಹಾಡುಗಳನ್ನು ಹಾಡುತ್ತಾರೆ. ಆ ಗ್ರಂಥದ ಭಾಷೆ ಪಂಡಿತರ ಜರ್ಮನ್ ಅಲ್ಲ. ಬೆಟ್ಟದ ತಪ್ಪಲಿನ ರೈತರು, ಮರ ಕಡಿಯುವವರು, ದನಗಾಹಿಗಳು ಆಡುವ ನುಡಿ. ಗ್ರಂಥದ ಹೆಸರು 'ಪವಿತ್ರ ರಾತ್ರಿ'. ಪ್ರಕಟವಾದುದು 1917ರಲ್ಲಿ. ಅದನ್ನು ರಚಿಸಿದವರು ಪಾದ್ರಿಯೂ ಅಲ್ಲ, ಸಂತರೂ ಅಲ್ಲ. ಸಣ್ಣ ಊರೊಂದರಲ್ಲಿ ರೈತರ ವ್ಯಾಜ್ಯಗಳನ್ನು ನಡೆಸುತ್ತಿದ್ದ ಒಬ್ಬ ವಕೀಲರು, ಲುಡ್ವಿಗ್ ಥೋಮಾ.

ಸಂಸ್ಕೃತ ಬಾರದ ತಾಯಂದಿರು ದಾಸರ ಪದಗಳ ಮೂಲಕವೇ ಭಾಗವತದ ಕಥೆಯನ್ನು ಬಾಯಿಪಾಠ ಮಾಡಿಕೊಂಡಿರುವ ಮನೆಗಳಲ್ಲಿ ಬೆಳೆದ ನಮಗೆ, ದೇವರ ಕಥೆಯನ್ನು ಮನೆಮಾತಿನಲ್ಲಿ ಹೇಳುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಅದರಿಂದಲೇ ಈ ಪರದೇಶದ ಕವಿಯ ಕಡೆಗೆ ನಮ್ಮ ಮನಸ್ಸು ಹರಿಯಿತು. ಆದರೆ ಅವರ ಜೀವನವನ್ನು ಓದುತ್ತ ಹೋದಂತೆ ಮೊದಲಿನ ಸಂತೋಷ ಹಾಗೆಯೇ ಉಳಿಯಲಿಲ್ಲ. ಸಿಹಿಯನ್ನು ಮಾತ್ರ ಬಡಿಸಿ ಕಹಿಯನ್ನು ಎಲೆಯಡಿಯಲ್ಲಿ ಮರೆಮಾಡುವುದು ಚರಿತ್ರೆ ಬರೆಯುವವರಿಗೆ ಒಪ್ಪುವ ಕೆಲಸವಲ್ಲವಾದುದರಿಂದ ಎರಡನ್ನೂ ಇಲ್ಲಿ ನಿವೇದಿಸುತ್ತೇವೆ.

ಥೋಮಾ ಅವರು ಜನಿಸಿದುದು 1867ನೆಯ ಜನವರಿ 21ರಂದು, ಒಬರ್‌ಅಮ್ಮರ್‌ಗೌ ಎಂಬ ಬೆಟ್ಟದ ಊರಿನಲ್ಲಿ. 1633ರಲ್ಲಿ ಪ್ಲೇಗು ಬಂದಾಗ ಆ ಊರಿನವರು ಒಂದು ಹರಕೆ ಹೊತ್ತರು. ಹತ್ತು ವರ್ಷಗಳಿಗೊಮ್ಮೆ ಏಸುವಿನ ಅಂತ್ಯಕಾಲದ ಕಥೆಯನ್ನು ಊರವರೇ ನಾಟಕವಾಗಿ ಆಡುವ ಹರಕೆ ಅದು. 1634ರಲ್ಲಿ ಮೊದಲಾದ ಆ ನಾಟಕ ಇಂದಿಗೂ ನಿಂತಿಲ್ಲ. 2020ರಲ್ಲಿ ನಡೆಯಬೇಕಾದುದು ಸಾಂಕ್ರಾಮಿಕ ರೋಗದ ದೆಸೆಯಿಂದ ಮುಂದಕ್ಕೆ ಹೋಗಿ 2022ರಲ್ಲಿ ಜರುಗಿತು. ಥೋಮಾ ಅವರ ತಾಯಿಯ ತವರು ಆ ಊರು. ಅವರದು ಛತ್ರದಂತಹ ವಸತಿಗೃಹ ನಡೆಸುವ ಮನೆತನ. ತಂದೆ ಅರಣ್ಯಾಧಿಕಾರಿ. ಈಸಾರ್ ನದಿಯ ಮೇಲ್ಕಣಿವೆಯಲ್ಲಿ ಫೋರ್ಡರ್‌ರಿಸ್ ಎಂಬಲ್ಲಿ ಅವರ ಸರಕಾರಿ ಬಿಡಾರವಿತ್ತು. ಸುತ್ತ ದಟ್ಟವಾದ ಕಾಡು, ಚಳಿಗಾಲದಲ್ಲಿ ಆಳೆತ್ತರದ ಹಿಮ. ಬವೇರಿಯಾದ ರಾಜ ಎರಡನೆಯ ಲುಡ್ವಿಗ್ ಆ ಕಾಡಿನ ಬಿಡದಿಗೆ ಬಂದುಹೋಗುತ್ತಿದ್ದುದೂ ಉಂಟು. ಮಗು ಮೊದಲು ಕಿವಿಗೊಟ್ಟ ನುಡಿ ಆ ಕಣಿವೆಯ ಬೇಟೆಗಾರರದು, ಮರದ ಕೆಲಸದವರದು. ಐವತ್ತು ವರ್ಷಗಳ ತರುವಾಯ 'ಪವಿತ್ರ ರಾತ್ರಿ'ಯಲ್ಲಿ ಮತ್ತೆ ಮಾತನಾಡಿದ್ದು ಅದೇ ನುಡಿ.

ಆ ಸುಖ ಬಹುಕಾಲ ನಿಲ್ಲಲಿಲ್ಲ. 1874ರಲ್ಲಿ ತಂದೆ ತೀರಿಕೊಂಡರು. ಮಗುವಿಗೆ ಆಗ ಏಳು ವರ್ಷ. ಮನೆ ತುಂಬ ಮಕ್ಕಳು; ಸರಕಾರದ ಬಿಡಾರದಲ್ಲಿ ವಿಧವೆಗೆ ಇರಗೊಡುವವರಿಲ್ಲ. ತಾಯಿ ಧೈರ್ಯಗೆಡದೆ ತನ್ನ ತವರಿನ ವೃತ್ತಿಯನ್ನೇ ಹಿಡಿದು, ಕೀಮ್‌ಸೇ ಸರೋವರದ ದಂಡೆಯ ಪ್ರೀನ್ ಎಂಬ ಊರಿನಲ್ಲಿ ವಸತಿಗೃಹವೊಂದನ್ನು ಗುತ್ತಿಗೆಗೆ ಪಡೆದು ನಡೆಸಿದಳು. ಆಮೇಲೆ ಟ್ರೌನ್‌ಸ್ಟೈನ್ ಎಂಬ ಪಟ್ಟಣದಲ್ಲಿ ಅದೇ ಕೆಲಸ. ಹುಡುಗನಿಗೆ ಶಾಲೆ ಒಂದು ಕಡೆ ನಿಲ್ಲಲಿಲ್ಲ. ಲ್ಯಾಟಿನ್ ಪಾಠ, ಗುರುಗಳ ಬೆತ್ತ, ಹಾಸ್ಟೆಲಿನ ಅನ್ನ, ಮಾಡಬಾರದ ತುಂಟತನ ಇವುಗಳ ನಡುವೆ ಊರಿಂದೂರಿಗೆ ಅಲೆದು 1886ರಲ್ಲಿ ಲಾಂಡ್ಸ್‌ಹೂಟ್‌ನಲ್ಲಿ ಪ್ರೌಢವ್ಯಾಸಂಗ ಮುಗಿಯಿತು. ಆ ತುಂಟತನವೆಲ್ಲ ವ್ಯರ್ಥವಾಗಲಿಲ್ಲವೆಂಬುದನ್ನು ಮುಂದೆ ನೋಡಲಿದ್ದೇವೆ. ತಂದೆಯಂತೆ ಅರಣ್ಯಶಾಸ್ತ್ರ ಓದಹೊರಟು, ಅದು ಹಿಡಿಸದೆ, ಮ್ಯೂನಿಕ್ ಹಾಗೂ ಎರ್ಲಾಂಗನ್‌ಗಳಲ್ಲಿ ಕಾನೂನು ಅಭ್ಯಾಸ ಮಾಡಿದರು. ಟ್ರೌನ್‌ಸ್ಟೈನಿನ ನ್ಯಾಯಾಲಯದಲ್ಲಿ ಉಮೇದುವಾರಿ ಮಾಡಿ, ವಕೀಲಿಯ ಸನ್ನದು ಕೈಗೆ ಬಂದ 1894ರಲ್ಲಿಯೇ ತಾಯಿಯೂ ಅಗಲಿದಳು. ಮಗ ನ್ಯಾಯವಾದಿಯಾಗಿ ನಿಂತುದನ್ನು ನೋಡುವ ಭಾಗ್ಯ ಆಕೆಗೆ ಒದಗಲಿಲ್ಲ.

ಅದೇ ವರ್ಷ ಅವರು ಡಾಖೌ ಎಂಬ ಊರಿಗೆ ಬಂದು ಕಚೇರಿ ತೆರೆದರು. ಈ ಹೆಸರು ಕೇಳಿದೊಡನೆ ವಾಚಕರಲ್ಲಿ ಅನೇಕರಿಗೆ ಬೇರೊಂದು ನೆನಪಾಗುವುದು ಸಹಜ. ಹಿಟ್ಲರನ ಮೊದಲ ಸೆರೆಶಿಬಿರಗಳಲ್ಲೊಂದು 1933ರಲ್ಲಿ ತೆರೆದುದು ಅಲ್ಲಿಯೇ. ಆದರೆ ನಾವು ಹೇಳುತ್ತಿರುವ ಕಾಲಕ್ಕೆ ಅದು ಮ್ಯೂನಿಕ್ ನಗರದಿಂದ ಸುಮಾರು 20 ಕಿಲೋಮೀಟರ್ ದೂರದ, ಗುಡ್ಡದ ಮೇಲಿನ ಸಂತೆಯ ಊರು. ಕೆಳಗೆ ಜೌಗುಭೂಮಿ, ಆಚೆಗೆ ರೈತರ ಹಳ್ಳಿಗಳು. ಅಲ್ಲಿನ ಬೆಳಕನ್ನು ಮೆಚ್ಚಿ ಬಂದು ನೆಲೆಸಿದ್ದ ಕೆಲವರು ಚಿತ್ರಕಾರರು. ಊರಿನಲ್ಲಿ ಅದುವರೆಗೆ ವಕೀಲರೇ ಇರಲಿಲ್ಲ. 27 ವರ್ಷದ ತರುಣ, ಮನೆಯಲ್ಲಿ ಹಿಂದಿನಿಂದ ಇದ್ದ ವೃದ್ಧ ಸೇವಕಿಯೊಬ್ಬಳನ್ನು ಅಡಿಗೆಗೆ ಕರೆದುಕೊಂಡು ಬಂದು, ಹೆಸರಿನ ಹಲಗೆ ತೂಗುಹಾಕಿ ಕಕ್ಷಿಗಾರರನ್ನು ಕಾಯತೊಡಗಿದರು.

ಕಕ್ಷಿಗಾರರು ಬಂದರು. ಹಳ್ಳಿಯ ವ್ಯಾಜ್ಯಗಳು ಯಾವ ದೇಶದಲ್ಲಾದರೂ ಬಹುಮಟ್ಟಿಗೆ ಒಂದೇ. ಗಡಿಯ ಕಲ್ಲು ಸರಿದುದು, ಹಾದಿಯ ಹಕ್ಕು, ಕೊಂಡ ಹಸುವಿಗೆ ರೋಗವಿದ್ದುದು, ಸಂತೆಯಲ್ಲಿ ಆಡಿದ ಬೈಗುಳ. ಅಲ್ಲಿಯದೇ ಆದ ಒಂದು ಪದ್ಧತಿಯೂ ಇತ್ತು: ಮುಪ್ಪಿನ ತಂದೆ ಹೊಲಮನೆಗಳನ್ನು ಮಗನ ಹೆಸರಿಗೆ ಮಾಡಿಕೊಡುವಾಗ, ತನ್ನ ಜೀವನಾಂಶಕ್ಕೆ ಒಂದು ಕೋಣೆ, ಇಷ್ಟು ಹಾಲು, ಇಷ್ಟು ಧಾನ್ಯ, ಇಷ್ಟು ಸೌದೆ ಎಂದು ಪತ್ರದಲ್ಲಿ ಬರೆಸಿಕೊಳ್ಳುವುದು. ಹಾಗೆ ಬರೆಸಿಕೊಳ್ಳಬೇಕಾಗಿ ಬಂದ ತಂದೆಯ ಮನಸ್ಸನ್ನೂ ಆ ಹಾಲನ್ನು ಅಳೆದುಕೊಡುವ ಸೊಸೆಯ ಮನಸ್ಸನ್ನೂ ಊಹಿಸಿದರೆ, ವಕೀಲರಿಗೆ ಕೆಲಸ ತಪ್ಪುವುದಿಲ್ಲವೆಂಬುದು ತಿಳಿಯುತ್ತದೆ.

ರೈತ ಬಂದು ಕುಳಿತರೆ ವಿಷಯಕ್ಕೆ ನೇರವಾಗಿ ಬರುವವನಲ್ಲ. ಅಜ್ಜನ ಕಾಲದಿಂದ ಆರಂಭಿಸಿ, ನೆರೆಯವನ ಮದುವೆಯನ್ನು ದಾಟಿ, ಕಳೆದ ವರ್ಷದ ಆಲಿಕಲ್ಲಿನ ಮಳೆಯನ್ನು ಮುಗಿಸಿ ಆಮೇಲೆ ಗಡಿಕಲ್ಲಿಗೆ ಬರುತ್ತಾನೆ. ಅವಸರದ ವಕೀಲನಾದರೆ ನಡುವೆ ತಡೆದು ತನಗೆ ಬೇಕಾದ ನಾಲ್ಕು ಸಂಗತಿಗಳನ್ನು ಕಿತ್ತುಕೊಂಡು ಕಳುಹಿಸಿಬಿಡುತ್ತಾನೆ. ಥೋಮಾ ಅವರು ತಡೆಯಲಿಲ್ಲ, ಕೇಳಿದರು. ನ್ಯಾಯಾಲಯದಲ್ಲಿ ನಡೆಯುವುದು ಗ್ರಾಂಥಿಕ ಜರ್ಮನ್. ರೈತನಾಡುವುದು ಅದರಿಂದ ಬಹುದೂರ ಸರಿದ ಬವೇರಿಯನ್ ನುಡಿ. ರೈತನ ಮಾತು ಅರ್ಜಿಯ ಭಾಷೆಗೆ ಇಳಿಯುವಷ್ಟರಲ್ಲಿ ಅದರ ಅರ್ಧ ಪ್ರಾಣ ಹೋಗಿರುತ್ತದೆ. ನಮ್ಮ ತಾಲೂಕು ಕಚೇರಿಗಳ ಮುಂದೆ ಕುಳಿತು ಅರ್ಜಿ ಬರೆಯಿಸಿಕೊಂಡವರಿಗೆ ಇದರ ಅನುಭವವಿದ್ದೀತು; ತಾವು ಹೇಳಿದುದು ಒಂದು, ಕಾಗದದ ಮೇಲೆ ಓದಿಸಿಕೊಂಡಾಗ ಕೇಳಿದ್ದು ಇನ್ನೊಂದು. ಅರ್ಜಿಗೆ ಸೇರದೆ ಉಳಿದ ಆ ಅರ್ಧಪ್ರಾಣವನ್ನೇ ಥೋಮಾ ರಾತ್ರಿ ದೀಪದ ಮುಂದೆ ಕುಳಿತು ಕಥೆಗಳಾಗಿ ಬರೆಯತೊಡಗಿದರು. 1897ರಲ್ಲಿ ಡಾಖೌ ಪ್ರದೇಶದ ರೈತರ ಕಥೆಗಳು 'ಅಗ್ರಿಕೋಲ' ಎಂಬ ಹೆಸರಿನಿಂದ ಗ್ರಂಥವಾದವು. ಅವರ ಮೊದಲ ಗ್ರಂಥವದು. ಅದರಲ್ಲಿ ರೈತನನ್ನು ಮುಗ್ಧನೆಂದು ಮುದ್ದುಮಾಡಿಲ್ಲ, ಮೂರ್ಖನೆಂದು ಗೇಲಿಮಾಡಿಯೂ ಇಲ್ಲ. ಲೋಭ, ಹಟ, ಜಾಣತನ, ಮಾತು ಉಳಿಸಿಕೊಳ್ಳುವ ಛಲ ಎಲ್ಲವೂ ಇದ್ದಂತೆಯೇ ಇವೆ.

ಅದೇ ವರ್ಷ ಅವರು ಮ್ಯೂನಿಕ್‌ಗೆ ಹೋದರು. ಎರಡು ವರ್ಷಗಳಲ್ಲಿ ವಕೀಲಿ ಬಿಟ್ಟರು. 'ಸಿಂಪ್ಲಿಸಿಸಿಮಸ್' ಎಂಬ ವಾರಪತ್ರಿಕೆ ಆ ಕಾಲದಲ್ಲಿ ಚಕ್ರವರ್ತಿಯನ್ನೂ ಸೇನಾಧಿಪತಿಗಳನ್ನೂ ಪಾದ್ರಿಗಳನ್ನೂ ಚಿತ್ರ ಹಾಗೂ ಪದ್ಯಗಳಿಂದ ಕುಟುಕುತ್ತಿತ್ತು. ಥೋಮಾ ಅದರ ಸಂಪಾದಕವರ್ಗವನ್ನು ಸೇರಿ 'ಪೀಟರ್ ಶ್ಲೆಮೀಲ್' ಎಂಬ ಕಾವ್ಯನಾಮದಿಂದ ವಾರವಾರವೂ ಬರೆದರು. ಪರರ ಶೀಲವನ್ನು ಕಾಯುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ಸಂಘಗಳವರನ್ನು ಅಣಕಿಸಿ 1904ರಲ್ಲಿ ಬರೆದ ಒಂದು ಪದ್ಯಕ್ಕಾಗಿ ಮೊಕದ್ದಮೆ ನಡೆದು, 1906ರ ಶರತ್ಕಾಲದಲ್ಲಿ ಆರು ವಾರ ಮ್ಯೂನಿಕ್‌ನ ಷ್ಟಾಡೆಲ್‌ಹೈಮ್ ಸೆರೆಮನೆಯಲ್ಲಿ ಕಳೆದರು. ಕಾವ್ಯನಾಮ ಬೇರೆಯಾದರೂ ಬರೆದವರು ಯಾರೆಂಬುದನ್ನು ಅವರು ಮುಚ್ಚಿಡಲಿಲ್ಲ, ಶಿಕ್ಷೆಯನ್ನು ತಪ್ಪಿಸಿಕೊಳ್ಳಲಿಲ್ಲ. ಇದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಸೆರೆಮನೆಗೆ ಹೋದ ಆ ವರ್ಷವೇ 'ಆಂಡ್ರಿಯಾಸ್ ಫೋಸ್ಟ್' ಎಂಬ ಕಾದಂಬರಿ ಗ್ರಂಥರೂಪದಲ್ಲಿ ಬಂತು. ಅವರ ಕೃತಿಗಳಲ್ಲಿ ನಮ್ಮನ್ನು ಬಹಳವಾಗಿ ಕಲಕಿದುದು ಇದು. ಫೋಸ್ಟ್ ಒಬ್ಬ ಮರ್ಯಾದಸ್ಥ ರೈತ. ಇಗರ್ಜಿಯ ಗೋಪುರಕ್ಕೆ ಹಣ ಕೂಡಿಸುವ ವಿಷಯದಲ್ಲಿ ಊರಿನ ಪಾದ್ರಿಯನ್ನು ಎದುರಿಸಿದ್ದನು. ಊರವರು ಅವನನ್ನು ಪಟೇಲನನ್ನಾಗಿ ಚುನಾಯಿಸಿದಾಗ ಪಾದ್ರಿ ಒಂದು ಚೀಟಿಯನ್ನು ಹೊರತೆಗೆಯುತ್ತಾನೆ. ತೀರಿಹೋದ ಹಿಂದಿನ ಪಾದ್ರಿ ಬರೆದದ್ದೆಂದು ಹೇಳಲಾದ ಆ ಚೀಟಿಯಲ್ಲಿ, ಫೋಸ್ಟ್ ತನ್ನ ಹೆತ್ತ ತಂದೆಯ ಮೇಲೆ ಕೈಮಾಡಿದನೆಂಬ ಮಾತಿದೆ. ಅದು ಸುಳ್ಳು. ಬರೆದದ್ದೆನ್ನಲಾದವನು ಗೋರಿಯಲ್ಲಿದ್ದಾನೆ, ಪ್ರಶ್ನಿಸುವುದಾದರೂ ಯಾರನ್ನು? ಅಧಿಕಾರಿಗಳಿಗೆ ಪಾದ್ರಿಯ ಮಾತೇ ಪ್ರಮಾಣ. ಊರು ಮೆಲ್ಲನೆ ಮುಖ ತಿರುಗಿಸುತ್ತದೆ. ಆ ರೈತ ಕಚೇರಿಯಿಂದ ಕಚೇರಿಗೆ ನ್ಯಾಯಕ್ಕಾಗಿ ತಿರುಗಿ, ಬೇಸತ್ತು, ಕೊನೆಗೆ ಕೋಪದ ಕೈಗೆ ಸಿಕ್ಕು ತಾನೇ ಅಪರಾಧಿಯಾಗಿ ಸೆರೆ ಸೇರುತ್ತಾನೆ. ಹೊಣೆ ಹೊರುವವನಿಲ್ಲದ ಒಂದು ಕಾಗದ ಒಬ್ಬ ಮನುಷ್ಯನನ್ನು ಹೇಗೆ ಹಾಳುಮಾಡಬಲ್ಲುದೆಂಬುದನ್ನು ಇದಕ್ಕಿಂತ ಚೆನ್ನಾಗಿ ಬರೆದವರು ವಿರಳ. ಕೋರ್ಟಿನ ಕಾಗದಗಳ ನಡುವೆ ಬದುಕಿದ ವಕೀಲರಿಗೇ ಅದು ಸಾಧ್ಯ.

ಅವರನ್ನು ಮನೆಮನೆಗೆ ತಲುಪಿಸಿದುದು ಮಾತ್ರ ಹಾಸ್ಯ. 1905ರ 'ತುಂಟ ಹುಡುಗನ ಕಥೆಗಳು' ಅವರ ಶಾಲಾದಿನಗಳಿಂದ ಹುಟ್ಟಿದ್ದು. ಹುಡುಗನೇ ತನ್ನ ಕಿಡಿಗೇಡಿತನವನ್ನು ಗಂಭೀರವಾಗಿ ವರದಿಮಾಡುತ್ತಾನೆ, ದೊಡ್ಡವರ ಠಕ್ಕು ತಾನಾಗಿ ಬಯಲಾಗುತ್ತದೆ. ಫಿಲ್ಸರ್ ಎಂಬ ರೈತ ಶಾಸನಸಭೆಯ ಸದಸ್ಯನಾಗಿ ತನಗೆ ತೋಚಿದ ಕಾಗುಣಿತದಲ್ಲಿ ಬರೆಯುವ ಪತ್ರಗಳು ಇನ್ನೊಂದು. ಎಲ್ಲಕ್ಕಿಂತ ಪ್ರಸಿದ್ಧವಾದುದು 1911ರ ಒಂದು ಪುಟ್ಟ ಕಥೆ. ಮ್ಯೂನಿಕ್ ರೈಲುನಿಲ್ದಾಣದ ಹಮಾಲಿಯೊಬ್ಬ ಸತ್ತು ಸ್ವರ್ಗಕ್ಕೆ ಹೋಗುತ್ತಾನೆ. ಅಲ್ಲಿ ವೇಳಾಪಟ್ಟಿಯಂತೆ ಮೋಡದ ಮೇಲೆ ಕುಳಿತು ಸ್ತೋತ್ರ ಹಾಡಬೇಕು. ತನ್ನ ಊರಿನ ಬಿಯರ್ ಅಲ್ಲಿಲ್ಲ. ಅವನ ಕರ್ಕಶವಾದ ಹಾಡುಗಾರಿಕೆಯನ್ನು ತಾಳಲಾರದೆ ದೇವರು, ಬವೇರಿಯಾ ಸರಕಾರಕ್ಕೆ ದಿವ್ಯವಾದ ಸಲಹೆಗಳನ್ನು ತಲುಪಿಸುವ ದೂತನನ್ನಾಗಿ ಮಾಡಿ ಅವನನ್ನು ಭೂಮಿಗೆ ಅಟ್ಟುತ್ತಾನೆ. ಅವನು ಹಳೆಯ ಅಭ್ಯಾಸದಂತೆ ನೇರವಾಗಿ ಪಾನಗೃಹಕ್ಕೆ ಹೋಗಿ ಕುಳಿತವನು ಎದ್ದೇ ಇಲ್ಲ. ಆದಕಾರಣ ಸರಕಾರ ದೈವಿಕ ಸಲಹೆಗಾಗಿ ಇನ್ನೂ ಕಾಯುತ್ತಿದೆ. ಕಥೆಯಲ್ಲಿ ಕುಡಿತದ ಮಾತು ಬಂದುದಕ್ಕೆ ವಾಚಕರು ಕ್ಷಮಿಸಬೇಕು; ಅದನ್ನು ಬಿಟ್ಟರೆ ಕಥೆಯೇ ಇಲ್ಲ.

ಹಣ ಬಂತು, ಕೀರ್ತಿ ಬಂತು. ಟೇಗರ್ನ್‌ಸೇ ಸರೋವರದ ಬಳಿ ರೊಟ್ಟಾಖ್‌ನಲ್ಲಿ ರೈತರ ಮನೆಗಳ ಮಾದರಿಯಲ್ಲಿ ದೊಡ್ಡ ಮನೆ ಕಟ್ಟಿಸಿ 1908ರಲ್ಲಿ ಅಲ್ಲಿ ನೆಲೆಸಿದರು. 1907ರಲ್ಲಿ ಒಬ್ಬ ನರ್ತಕಿಯೊಡನೆ ಆದ ವಿವಾಹ 1911ರಲ್ಲಿ ಮುರಿಯಿತು. ದೊಡ್ಡ ಮನೆ, ಬೇಟೆಯ ಕಾಡು, ಒಂಟಿತನ.

1914ರಲ್ಲಿ ಮಹಾಯುದ್ಧ ತೊಡಗಿತು. ಚಕ್ರವರ್ತಿಯನ್ನು ಅಣಕಿಸುತ್ತಿದ್ದ ಪತ್ರಿಕೆಯೂ ಅದರ ಕವಿಯೂ ಒಮ್ಮೆಲೇ ಯುದ್ಧದ ಪರ ನಿಂತರು. 1915ರಲ್ಲಿ ಥೋಮಾ ಗಾಯಾಳುಗಳನ್ನು ಸಾಗಿಸುವ ದಳಕ್ಕೆ ಸ್ವಇಚ್ಛೆಯಿಂದ ಸೇರಿ ಪೂರ್ವದ ರಣರಂಗಕ್ಕೆ ಹೋಗಿ, ಆಮಶಂಕೆಯಿಂದ ಜರ್ಜರಿತರಾಗಿ ಹಿಂತಿರುಗಿದರು. ಊರೂರಿನಿಂದಲೂ ಸಾವಿನ ಸುದ್ದಿ ಬರುತ್ತಿದ್ದ ಕಾಲದಲ್ಲಿ ಅವರ ಮನಸ್ಸು ಫೋರ್ಡರ್‌ರಿಸ್‌ನ ಹಿಮದ ಹಬ್ಬದ ರಾತ್ರಿಗಳಿಗೆ ಮರಳಿತು. 'ಪವಿತ್ರ ರಾತ್ರಿ' ಹಾಗೆ ಬೆಳೆಯಿತು.

ಅದರಲ್ಲಿ ಕಥೆ ಬೈಬಲಿನದೇ. ದಾರಿ ಮಾತ್ರ ಬವೇರಿಯಾದ್ದು. ಜನಗಣತಿಯ ರಾಜಾಜ್ಞೆ ಬರುತ್ತದೆ. ಬಡಗಿ ಜೋಸೆಫ್ ಮತ್ತು ತುಂಬು ಗರ್ಭಿಣಿಯಾದ ಮರಿಯಾ ಹಿಮ ತುಂಬಿದ ಕಾಡುದಾರಿಯಲ್ಲಿ ನಡೆದು ಹೊರಡುತ್ತಾರೆ. ಗಾಡಿಯುಳ್ಳವರು ಅವರನ್ನು ಹತ್ತಿಸಿಕೊಳ್ಳದೆ ಹೋಗುತ್ತಾರೆ. ಬೆತ್ಲೆಹೇಮಿನಲ್ಲಿ ಸಿರಿವಂತ ಬಂಧುವಿನ ಮನೆಯ ಬಾಗಿಲು ತೆರೆಯುವುದಿಲ್ಲ. ಬಡವನೊಬ್ಬ ಕನಿಕರದಿಂದ ದನದ ಕೊಟ್ಟಿಗೆಯ ದಾರಿ ತೋರಿಸುತ್ತಾನೆ. ಮಗು ಹುಟ್ಟಿದ ಸುದ್ದಿ ಮೊದಲು ತಲುಪುವುದೂ ಬಡವರಿಗೇ. ಇಷ್ಟೇ ಕಥೆ. ಆದರೆ ಈ ಜೋಸೆಫ್ ಮಾತನಾಡುವುದು ಈಸಾರ್ ಕಣಿವೆಯ ಬಡಗಿಯಂತೆ. ಬಂಧುವಿನ ಮನೆಯವರ ನೆಪಗಳು, ಥೋಮಾ ಅವರು ಕಕ್ಷಿಗಾರರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದಿರಬಹುದಾದ ನೆಪಗಳು. ಹಳ್ಳಿಯವನು ಕೇಳಿದಾಗ ಬಾಗಿಲು ಮುಚ್ಚಿದವನು ಯಾವುದೋ ದೂರದೇಶದವನೆಂದು ಅನ್ನಿಸುವುದಿಲ್ಲ. ತನ್ನ ಊರಿನವನೆಂದೇ, ಕೆಲವೊಮ್ಮೆ ತಾನೇ ಎಂದು ಅನ್ನಿಸುತ್ತದೆ. ಗ್ರಾಂಥಿಕ ಭಾಷೆಯಲ್ಲಿ ಕೇಳಿದ್ದರೆ ಈ ಕೇಡು ತಟ್ಟುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಇಲ್ಲಿಗೆ ನಿಲ್ಲಿಸಬಹುದಾಗಿದ್ದರೆ ಎಷ್ಟು ಚೆನ್ನಾಗಿತ್ತು.

1918ರಲ್ಲಿ ಜರ್ಮನಿ ಸೋತಿತು. ಅರಸೊತ್ತಿಗೆ ಹೋಯಿತು, ಕ್ರಾಂತಿ, ಕೊಲೆ, ಹಸಿವು. ಥೋಮಾ ಅವರ ಮನಸ್ಸು ಯುದ್ಧದ ಕೊನೆಯ ವರ್ಷಗಳಲ್ಲಿಯೇ ಕಠಿಣವಾದ ರಾಷ್ಟ್ರವಾದದ ಕಡೆಗೆ ವಾಲಿತ್ತು. 1920ರಿಂದ, ತಮ್ಮ ಮನೆಗೆ ಸಮೀಪದ ಮೀಸ್‌ಬಾಖ್ ಎಂಬ ಊರಿನಿಂದ ಹೊರಡುತ್ತಿದ್ದ ಸಣ್ಣ ಸ್ಥಳೀಯ ಪತ್ರಿಕೆಗೆ ಅವರು ಲೇಖನಗಳನ್ನು ಕೊಡತೊಡಗಿದರು. ಮರಣದವರೆಗಿನ ಸುಮಾರು 14 ತಿಂಗಳುಗಳಲ್ಲಿ 150ಕ್ಕೂ ಹೆಚ್ಚು ಲೇಖನಗಳು. ಬೆರಳೆಣಿಕೆಯಷ್ಟನ್ನು ಬಿಟ್ಟರೆ ಒಂದಕ್ಕೂ ಹೆಸರಿಲ್ಲ; ಕಾವ್ಯನಾಮವೂ ಇಲ್ಲ. ಬರ್ಲಿನ್ ಸರಕಾರ, ಸಮಾಜವಾದಿಗಳು, ಎಲ್ಲಕ್ಕೂ ಮಿಗಿಲಾಗಿ ಯೆಹೂದಿಗಳು ಅವುಗಳ ಗುರಿ. ಅವುಗಳಲ್ಲಿಯ ಬೈಗುಳವನ್ನು ಈ ಪತ್ರಿಕೆಯಲ್ಲಿ ಬರೆಯಲಾಗದು. ಹಿಂಸೆಗೆ ಹುರಿದುಂಬಿಸುವ ಮಾತುಗಳೂ ಅಲ್ಲಿವೆ. ಡಾಖೌವಿನ ಕಚೇರಿಯಲ್ಲಿ ಕುಳಿತು ಕಲಿತ ಆ ಹಳ್ಳಿಯ ಮಾತಿನ ಧಾಟಿಯನ್ನೇ ಅಲ್ಲಿ ಬಳಸಿದರು. ಓದಿದವರಿಗೆ ಅದು ನಾಡಿನ ಸರಳ ರೈತನ ಸಿಟ್ಟಿನಂತೆ ಕಂಡಿತು. ಪತ್ರಿಕೆಯ ಹೆಸರು ಜರ್ಮನಿಯಲ್ಲೆಲ್ಲ ಹಬ್ಬಿತು.

ಪದ್ಯಕ್ಕಾಗಿ ಸೆರೆಮನೆಗೆ ಹೋಗಲು ಅಂಜದವರು, ಹೆಸರಿಲ್ಲದ ಕಾಗದದಿಂದ ಹಾಳಾದ ಫೋಸ್ಟ್‌ನ ಕಥೆ ಬರೆದವರು, ತಾವೇ ಹೆಸರಿಲ್ಲದ ಕಾಗದ ಬರೆದರು. ರೋಗದ ಸಂಕಟ, ಸೋಲಿನ ಅವಮಾನ, ಒಂಟಿತನ ಎಂದು ಕಾರಣಗಳನ್ನು ಕೊಡುವವರಿದ್ದಾರೆ. ಅವು ಇದ್ದುದು ನಿಜ. ಆದರೆ ಆ ವರ್ಷಗಳಲ್ಲಿ ಜರ್ಮನಿಯಲ್ಲಿ ಸೋಲು, ಹಸಿವು, ದುಃಖ ಎಲ್ಲರಿಗೂ ಇತ್ತು. ಎಲ್ಲರೂ ಹಾಗೆ ಬರೆಯಲಿಲ್ಲ. ಕಾರಣಗಳನ್ನು ಕೇಳಿಯೂ ನಮಗೆ ಸಮಾಧಾನವಾಗಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಇನ್ನೂ ವಿಚಿತ್ರವಾದುದೊಂದಿದೆ. ಇದೇ ವರ್ಷಗಳಲ್ಲಿ ಅವರು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ, ವಿವಾಹವಾಗಬೇಕೆಂದು ಹಂಬಲಿಸುತ್ತಿದ್ದ ಮಹಿಳೆ ಯೆಹೂದಿ ಮನೆತನದಲ್ಲಿ ಹುಟ್ಟಿದವಳು. ಆಕೆ ಅದಾಗಲೇ ವಿವಾಹಿತೆ; ಪತಿ ವಿಚ್ಛೇದನಕ್ಕೆ ಒಪ್ಪಲಿಲ್ಲ. ಒಂದೇ ಮೇಜಿನ ಮೇಲೆ ಆಕೆಗೆ ಪತ್ರವನ್ನೂ ಮೀಸ್‌ಬಾಖ್ ಪತ್ರಿಕೆಗೆ ಆ ಲೇಖನಗಳನ್ನೂ ಬರೆದ ಕೈ ಒಂದೇ ಎಂಬುದು ನಂಬಲು ಕಷ್ಟವಾದರೂ ಸತ್ಯ.

1921ನೆಯ ಆಗಸ್ಟ್ 26ರಂದು ಜಠರದ ಕ್ಯಾನ್ಸರಿನಿಂದ ಥೋಮಾ ತಮ್ಮ ಮನೆಯಲ್ಲಿ ತೀರಿಕೊಂಡರು, ವಯಸ್ಸು 54. ಯುದ್ಧವಿರಾಮದ ಪತ್ರಕ್ಕೆ ಜರ್ಮನಿಯ ಪರವಾಗಿ ಸಹಿ ಹಾಕಿದ್ದ ಮಥಿಯಾಸ್ ಎರ್ಟ್ಸ್‌ಬೆರ್ಗರ್ ಎಂಬ ರಾಜಕಾರಣಿಯನ್ನು ಇಬ್ಬರು ಮಾಜಿ ಸೇನಾಧಿಕಾರಿಗಳು ಕಾಡುದಾರಿಯಲ್ಲಿ ಗುಂಡಿಟ್ಟು ಕೊಂದುದೂ ಅದೇ ದಿನ. ಮೀಸ್‌ಬಾಖ್ ಪತ್ರಿಕೆಯ ಆ ಲೇಖನಗಳಲ್ಲಿ ನಿಂದೆಗೆ ಗುರಿಯಾದವರಲ್ಲಿ ಎರ್ಟ್ಸ್‌ಬೆರ್ಗರ್ ಕೂಡ ಒಬ್ಬರು. ಕೊಲೆಗಾರರು ಆ ಲೇಖನಗಳನ್ನು ಓದಿದ್ದರೆಂದು ನಾವು ಹೇಳುತ್ತಿಲ್ಲ. ದಿನ ಒಂದೇ ಎಂದಷ್ಟೇ ಹೇಳುತ್ತಿದ್ದೇವೆ.

ಬರೆದವರು ಯಾರೆಂಬುದು ಆಗಲೇ ಕೆಲವರಿಗೆ ಗೊತ್ತಿತ್ತು. ಜನಸಾಮಾನ್ಯರಿಗೆ ಮಾತ್ರ ಅವರು ನಗಿಸುವ ಥೋಮಾ ಆಗಿಯೇ ಉಳಿದರು. 1989ರಲ್ಲಿ ಇತಿಹಾಸಕಾರ ವಿಲ್ಹೆಲ್ಮ್ ಫೋಲ್ಕರ್ಟ್ ಅವರು ಆ ಲೇಖನಗಳನ್ನೆಲ್ಲ ಸಂಗ್ರಹಿಸಿ ಪ್ರಕಟಿಸಿದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಮ್ಯೂನಿಕ್ ನಗರಸಭೆ ಅವರ ಹೆಸರಿನಲ್ಲಿ ಕೊಡುತ್ತಿದ್ದ ಪದಕವನ್ನು 1990ರಲ್ಲಿ ನಿಲ್ಲಿಸಿತು. ಅವರ ಹೆಸರು ಹೊತ್ತ ಬೀದಿ, ಶಾಲೆಗಳ ವಿಷಯದಲ್ಲಿ ವಾದವಿವಾದಗಳು ನಡೆದವು. 'ಪವಿತ್ರ ರಾತ್ರಿ'ಯ ವಾಚನ ಮಾತ್ರ ನಿಂತಿಲ್ಲ. ಬಾಗಿಲು ಮುಚ್ಚಿದವರ ಕಥೆಯನ್ನು ಕೇಳುವವರಲ್ಲಿ ಕವಿಯ ಕೊನೆಯ ವರ್ಷಗಳನ್ನು ಬಲ್ಲವರೂ ಇದ್ದಾರೆ, ಅರಿಯದವರೂ ಇದ್ದಾರೆ.

ಎಗರ್ನ್ ಗ್ರಾಮದ ಇಗರ್ಜಿಯ ಅಂಗಳದಲ್ಲಿ, 1920ರಲ್ಲಿ ತೀರಿದ ಮಿತ್ರ, ಕಾದಂಬರಿಕಾರ ಲುಡ್ವಿಗ್ ಗಂಗ್‌ಹೋಫರ್ ಅವರ ಪಕ್ಕದಲ್ಲಿ ಥೋಮಾ ಅವರ ಸಮಾಧಿಯಿದೆ. ವಕೀಲರಾಗಿದ್ದವರು ಮರಣಶಾಸನವನ್ನು ಕ್ರಮವಾಗಿಯೇ ಬರೆದಿಟ್ಟಿದ್ದರು. ಅದರಂತೆ ಅವರ ಮುಖ್ಯ ವಾರಸುದಾರಳಾದವಳು ಆ ಯೆಹೂದಿ ಮನೆತನದ ಮಹಿಳೆಯೇ.